ಕುರ್ಚಿ ಇಳಿದರೆ ಊಟ ಮುಗೀತು

ಆಫೀಸಿನಲ್ಲಿ ವರ್ಷಕ್ಕೊಂದು ಸಲ ಹೆಲ್ತ್ ಚೆಕಪ್ ಮಾಡಿಸ್ತಾರಲ್ಲ, ಅದರ ರಿಪೋರ್ಟ್ ಮೊನ್ನೆ ಬಂತು. ಖಾಲಿ ಹೊಟ್ಟೆಯ ಶುಗರ್ 112. ಸೊಂಟದ ಸುತ್ತಳತೆ 96 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90 ದಾಟಿದರೆ ಎಚ್ಚರಿಕೆ ಗಂಟೆಯಂತೆ, ಹೆಂಗಸರಿಗೆ 80. "ಇನ್ನೂ ಡಯಾಬಿಟಿಸ್ ಅಲ್ಲ. ಆದ್ರೆ ಬಾಗಿಲಲ್ಲಿ ಬಂದು ನಿಂತಿದೆ" ಅಂದರು ಡಾಕ್ಟರು. ನನಗೀಗ 34. ನಮ್ಮಪ್ಪನಿಗೆ ಮಾತ್ರೆ ಶುರುವಾಗಿದ್ದು 41ಕ್ಕೆ. ಅವರ ಎಡಗಾಲಿನ ಹೆಬ್ಬೆರಳು ತೆಗೆಸಬೇಕಾಗಿ ಬಂದಿದ್ದು 60ಕ್ಕೆ. ಹಾಗಾಗಿ ಬಾಗಿಲಲ್ಲಿ ನಿಂತವರು ಯಾರು ಅಂತ ನನಗೆ ಚೆನ್ನಾಗಿಯೇ ಗೊತ್ತು.

"ಏನು ಮಾಡಬೇಕು ಸಾರ್?" ಅಂದೆ. "ಕಮ್ಮಿ ತಿನ್ನಿ" ಅಂದರು. ಅಷ್ಟೇ.

ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡ್ತಿದ್ದೆ. ಪಕ್ಕದಲ್ಲಿ ಖಾರದ ಮಿಕ್ಸ್ಚರ್ ಪ್ಯಾಕೆಟ್. ಒಂದು ಹೊತ್ತಿನಲ್ಲಿ ಬೆರಳಿಗೆ ಪ್ಯಾಕೆಟ್ಟಿನ ತಳ ತಾಗಿತು, ಕೈ ನಿಂತಿತು. ಆಗ ಹೊಳೆಯಿತು. ನಾನು ನಿಲ್ಲಿಸಿದ್ದು ಹೊಟ್ಟೆ ತುಂಬಿತು ಅಂತ ಅಲ್ಲ, ಪ್ಯಾಕೆಟ್ ಮುಗೀತು ಅಂತ. ನಾನು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ತೀರ್ಮಾನ ಮಾಡಿದವನು ಆ ಪ್ಯಾಕೆಟ್ ಎಷ್ಟು ಗ್ರಾಮಿನದಿರಬೇಕು ಅಂತ ತೀರ್ಮಾನ ಮಾಡಿದ ಪುಣ್ಯಾತ್ಮ.

ಊಟ ಎಲ್ಲಿ ಮುಗೀಬೇಕು? ಅದನ್ನ ಹೇಳೋದು ಯಾರು? ಈ ಪ್ರಶ್ನೆ ಹಿಡಿದು ಹಳೆಯ ಪುಸ್ತಕಗಳನ್ನು ಕೆದಕುತ್ತಾ ಹೋದೆ. ಡಯಟ್ ಅನ್ನೋದು ಇನ್‌ಸ್ಟಾಗ್ರಾಮ್ ಕಾಲದ ಕಾಯಿಲೆ ಅಂದುಕೊಂಡಿದ್ದೆ. ಅಲ್ಲ. ಐನೂರು ವರ್ಷಗಳ ಹಿಂದೆಯೇ ನನ್ನಂಥ ಒಬ್ಬ ಮನುಷ್ಯ ಇದೇ ಪ್ರಶ್ನೆ ಕೇಳಿಕೊಂಡು ಒದ್ದಾಡಿದ್ದ. ಇಟಲಿಯ ಪಡುವಾ ಊರಿನಲ್ಲಿ.

ಹನ್ನೆರಡು ಔನ್ಸಿನ ಯಜಮಾನ

ಆತನ ಹೆಸರು ಲುಯಿಜಿ ಕೊರ್ನಾರೊ. ವೆನಿಸ್‌ನ ಶ್ರೀಮಂತ ಮನೆತನದವನು. ಜೌಗು ನೆಲದಿಂದ ನೀರು ಬಸಿದು ಹೊಲ ಮಾಡಿಸಿದವನು, ಕಟ್ಟಡಗಳ ಹುಚ್ಚಿನವನು, ಕಲಾವಿದರ ಪೋಷಕ. ಯೌವನದಲ್ಲಿ ಊಟ, ಕುಡಿತ ಎರಡಕ್ಕೂ ಲಗಾಮಿರಲಿಲ್ಲ. ಮೂವತ್ತೈದು ನಲವತ್ತರ ಹೊತ್ತಿಗೆ ಹೊಟ್ಟೆನೋವು, ಸಂಧಿವಾತ, ಸದಾ ಸಣ್ಣ ಜ್ವರ, ತೀರದ ಬಾಯಾರಿಕೆ. ವೈದ್ಯರು ಕೊನೆಗೆ ಕೈಚೆಲ್ಲಿ ಹೇಳಿದರು: ನಿಮಗಿರೋದು ಒಂದೇ ಔಷಧ, ಮಿತವಾದ ಊಟ. ಅದನ್ನೂ ಮಾಡದಿದ್ದರೆ ಕೆಲವೇ ತಿಂಗಳು.

ಈ ಮಾತನ್ನು ಅವರು ಮುಂಚೆಯೂ ಹೇಳಿದ್ದರಂತೆ. ಕೊರ್ನಾರೊ ಕೇಳಿದಂತೆ ಮಾಡಿ, ಮನಸ್ಸಿಗೆ ಬಂದಿದ್ದನ್ನು ತಿಂದು, ವೈದ್ಯರಿಗೆ ಹೇಳದೆ ಮುಚ್ಚಿಟ್ಟಿದ್ದ. ಇದನ್ನ ಆತನೇ ಬರೆದುಕೊಂಡಿದ್ದಾನೆ. ಓದಿ ಎಷ್ಟು ಸಮಾಧಾನವಾಯಿತು ಅಂತೀರಿ!

ಈ ಸಲ ಮಾತ್ರ ಆತ ಹೆದರಿದ. ಒಂದು ಲೆಕ್ಕ ಹಾಕಿಕೊಂಡ. ದಿನಕ್ಕೆ 12 ಔನ್ಸ್ ಆಹಾರ: ಬ್ರೆಡ್, ಮೊಟ್ಟೆಯ ಹಳದಿ, ಸ್ವಲ್ಪ ಮಾಂಸ, ಸೂಪು ಎಲ್ಲಾ ಸೇರಿ. ಜೊತೆಗೆ 14 ಔನ್ಸ್ ವೈನ್. ಆ ಕಾಲದ ಔನ್ಸ್ ಊರಿಗೊಂದು ಥರ ಇತ್ತು. ನಮ್ಮ ಲೆಕ್ಕಕ್ಕೆ ತಂದರೆ ಆಹಾರ ಹೆಚ್ಚುಕಡಿಮೆ 300ರಿಂದ 350 ಗ್ರಾಂ. ನಮ್ಮ ಕಣ್ಣಿಗೆ ಇದು ತೀರಾ ಕಮ್ಮಿ, ಯಾರೂ ಇದನ್ನು ಅನುಕರಿಸಬೇಕಾಗಿಲ್ಲ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಸಂಖ್ಯೆ ಅಲ್ಲ. ಊಟಕ್ಕೆ ಕೂರುವ ಮುಂಚೆಯೇ ಊಟದ ಕೊನೆ ಎಲ್ಲಿ ಅಂತ ಆತ ಗೊತ್ತುಮಾಡಿಕೊಂಡಿದ್ದ. ಮೇಜಿನ ಮುಂದೆ ಕೂತ ಮೇಲೆ ತನ್ನ ಜೊತೆ ತಾನೇ ವಾದ ಮಾಡುವ ಪ್ರಮೇಯವೇ ಇರಲಿಲ್ಲ.

ಇನ್ನೊಂದು ಘಟನೆ ಹೇಳುತ್ತಾನೆ. ಆಗ ಆತನಿಗೆ 78. ಮನೆಯವರು, ಸ್ನೇಹಿತರು, ವೈದ್ಯರು ಎಲ್ಲಾ ಸೇರಿ, ಈ ವಯಸ್ಸಿನಲ್ಲಿ ಇಷ್ಟು ಕಮ್ಮಿ ತಿಂದರೆ ಹೇಗೆ ಅಂತ ಗಂಟುಬಿದ್ದರು. ಬೇಡ ಅನ್ನಲಾರದೆ 12ನ್ನು 14 ಮಾಡಿದ, 14ನ್ನು 16 ಮಾಡಿದ. ಸ್ವಲ್ಪ ದಿನಕ್ಕೇ ಮನಸ್ಸು ಮಂಕಾಯಿತು, ಸಿಟ್ಟು ಸಿಡುಕು ಶುರುವಾಯಿತು, ಆಮೇಲೆ ಪಕ್ಕೆನೋವು, ತಿಂಗಳು ದಾಟಿದ ಜ್ವರ. ಹಳೆಯ ಲೆಕ್ಕಕ್ಕೆ ಮರಳಿದ ಮೇಲೆ ಎದ್ದು ಕೂತ. ಎರಡು ಔನ್ಸಿಗೇ ಜ್ವರ ಬಂತೋ, ಇನ್ಯಾವುದಕ್ಕೋ ಬಂದಿದ್ದು ಇದರ ತಲೆಗೆ ಕಟ್ಟಿದನೋ, ಅದು ಬೇರೆ ಮಾತು. ಆದರೆ ಆ ಒತ್ತಾಯದ ದೃಶ್ಯ ಇದೆಯಲ್ಲ, ಅದು ನಮ್ಮ ಮನೆಯದೇ. "ಏನೋ ಇದು, ಎರಡೇ ದೋಸೆನಾ? ಇನ್ನೊಂದು ಹಾಕ್ತೀನಿ ಇರು, ಒಣಗಿ ಹೋಗಿದ್ದೀಯ" ಅನ್ನುವ ಅಮ್ಮ ಪಡುವಾದಲ್ಲೂ ಇದ್ದಳು.

ಮಿತಾಹಾರದ ಬಗ್ಗೆ ಕೊರ್ನಾರೊ ಬರೆದ ಪುಟ್ಟ ಪುಸ್ತಕ 1558ರಲ್ಲಿ ಅಚ್ಚಾಯಿತು. ಯೂರೋಪಿನ ಭಾಷೆಗಳಿಗೆಲ್ಲ ಹೋಯಿತು. 1566ರಲ್ಲಿ ತೀರಿಕೊಂಡಾಗ ಆತನಿಗೆ ನೂರು ದಾಟಿತ್ತು ಅಂತ ಅಭಿಮಾನಿಗಳು ಹೇಳಿದರು. ಹುಟ್ಟಿದ ವರ್ಷದ ಬಗ್ಗೆಯೇ ಜಗಳ ಇರೋದರಿಂದ ಅಷ್ಟು ನಂಬಬೇಕಾಗಿಲ್ಲ. ಎಂಬತ್ತು ದಾಟಿ ಕುದುರೆ ಏರುತ್ತಿದ್ದೆ ಅಂತ ಆತ ಬರೆದಿದ್ದಾನೆ. ನಲವತ್ತಕ್ಕೆ ಸಾಯಬೇಕಿದ್ದವನಿಗೆ ಅಷ್ಟು ಸಾಕಲ್ಲವೇ?

ತೂಗುಕುರ್ಚಿ ಅಂದರೆ ಇದು

ಅದೇ ಪಡುವಾದ ವಿಶ್ವವಿದ್ಯಾಲಯಕ್ಕೆ 1611ರಲ್ಲಿ ಸಾಂಟೋರಿಯೊ ಅನ್ನೋ ವೈದ್ಯ ಪ್ರೊಫೆಸರ್ ಆಗಿ ಬಂದ. ಗೆಲಿಲಿಯೋನ ಕಾಲದವನು, ಅಳತೆಯ ಹುಚ್ಚು ಹಿಡಿದವನು. ದೊಡ್ಡದೊಂದು ತಕ್ಕಡಿಯ ತೋಳಿಗೆ ಕುರ್ಚಿ ನೇತುಹಾಕಿಸಿದ. ಅದರಲ್ಲಿ ಕೂತು ತನ್ನನ್ನು ತಾನೇ ತೂಗಿಕೊಂಡ. ಒಂದು ದಿನ ಎರಡು ದಿನ ಅಲ್ಲ, ಸುಮಾರು ಮೂವತ್ತು ವರ್ಷ! ತಿಂದಿದ್ದು, ಕುಡಿದಿದ್ದು, ಹೊರಗೆ ಹೋಗಿದ್ದು, ಎಲ್ಲದರ ಲೆಕ್ಕ. ದಿನಕ್ಕೆ ಎಂಟು ಪೌಂಡ್ ಒಳಗೆ ಹೋದರೆ ಅದರಲ್ಲಿ ಐದು ಪೌಂಡ್ ಕಣ್ಣಿಗೆ ಕಾಣದ ಬೆವರಾಗಿ ಆವಿಯಾಗುತ್ತೆ ಅಂತ ಲೆಕ್ಕ ಕೊಟ್ಟ. 1614ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ.

ಆ ಕುರ್ಚಿಗೆ ಇನ್ನೊಂದು ಉಪಯೋಗ ಇತ್ತು. ಊಟಕ್ಕೆ ಮುಂಚೆ ತಕ್ಕಡಿಯ ಆ ಕಡೆ ಇಷ್ಟು ತೂಕ ಅಂತ ಇಟ್ಟುಬಿಡೋದು. ಊಟದ ಮೇಜಿನ ಮುಂದೆ ಕುರ್ಚಿ ತೂಗುತ್ತಿರುತ್ತೆ. ತಿನ್ನುತ್ತಾ ತಿನ್ನುತ್ತಾ ಆ ಅಳತೆ ಮುಟ್ಟಿದ ತಕ್ಷಣ ಕುರ್ಚಿ ಮೆಲ್ಲಗೆ ಕೆಳಗಿಳಿಯುತ್ತೆ. ಊಟ ಮುಗೀತು! ಗಂಟಲಿನವರೆಗೆ ತುಂಬಿಸಿಕೊಂಡ ಮೇಲೆ "ಅಯ್ಯೋ ಜಾಸ್ತಿ ಆಯ್ತು" ಅನ್ನೋ ಪ್ರಶ್ನೆಯೇ ಇಲ್ಲ. ನಿಮ್ಮ ಕೈಯ ವಾಚು "ಏಳಿ, ಓಡಾಡಿ" ಅಂತ ಗುಂಯ್‌ಗುಡುತ್ತಲ್ಲ, ಅದರ ಮುತ್ತಜ್ಜ ಇದು.

ಲೋಕ ನಗದೇ ಇರುತ್ತಾ? ಸುಮಾರು ನೂರು ವರ್ಷ ಆದಮೇಲೆ, 1711ರಲ್ಲಿ, ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಜೋಸೆಫ್ ಅಡಿಸನ್ ಒಂದು ಕಟಕಿ ಬರೆದ. ಅದರಲ್ಲಿ ಒಬ್ಬ ಕಾಯಿಲೆಯ ಭಯದವನು ಇಂಥದೇ ಕುರ್ಚಿ ಮಾಡಿಸಿಕೊಂಡು ಅದರಲ್ಲೇ ತಿಂದು, ಓದಿ, ನಿದ್ದೆ ಮಾಡಿ, ಗ್ರಾಂ ಗ್ರಾಂ ಲೆಕ್ಕ ಇಟ್ಟು, ಕೊನೆಗೂ ಕಾಯಿಲೆಯವನಂತೆಯೇ ಉಳಿಯುತ್ತಾನೆ. ಬೆಳಗ್ಗೆ ಒಂದು ಸಲ, ಸ್ನಾನದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ತೂಕದ ಯಂತ್ರ ಹತ್ತುವ ನಮ್ಮ ಸ್ನೇಹಿತರ ಮುಖ ಕಣ್ಣ ಮುಂದೆ ಬರುತ್ತೆ. ಆದರೆ ನೋಡಿ, ಇದೇ ಅಡಿಸನ್ ಅದೇ ವರ್ಷ ಇನ್ನೊಂದು ಬರಹದಲ್ಲಿ ಕೊರ್ನಾರೊನನ್ನು ಮೆಚ್ಚಿಕೊಂಡು ಬರೆದ. ಅಳತೆ ಬೇಕು, ಅಳತೆಯ ಗೀಳು ಬೇಡ. ಮುನ್ನೂರು ವರ್ಷದ ಹಿಂದೆಯೇ ಈ ಗೆರೆ ಎಳೆದಾಗಿತ್ತು.

ತಕ್ಕಡಿ ಇಲ್ಲದ ಅಳತೆ

ಎಲ್ಲರ ಮನೆಯಲ್ಲೂ ತಕ್ಕಡಿಗೆ ಕುರ್ಚಿ ಕಟ್ಟೋಕಾಗಲ್ಲ. ಪೂರ್ವ ದೇಶಗಳಲ್ಲಿ ಇದಕ್ಕೆ ಬೇರೆ ಉಪಾಯ ಇತ್ತು: ಹೊಟ್ಟೆಯನ್ನೇ ಪಾತ್ರೆ ಅಂತ ಭಾವಿಸಿ ಭಾಗ ಮಾಡೋದು. ವಾಗ್ಭಟನ 'ಅಷ್ಟಾಂಗಹೃದಯ'ದಲ್ಲಿ ಈ ಲೆಕ್ಕ ಬರುತ್ತೆ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಕೊನೆಯ ಪಾಲು ಗಾಳಿ ಆಡೋದಕ್ಕೆ ಖಾಲಿ ಬಿಡಿ ಅಂತ. ಅದಕ್ಕೂ ಹಿಂದಿನ ಚರಕಸಂಹಿತೆಯದು ಮೂರು ಪಾಲಿನ ಲೆಕ್ಕ. ಲೆಕ್ಕ ಬೇರೆ, ಮಾತು ಒಂದೇ: ಜಾಗ ಖಾಲಿ ಬಿಡು.

ಜಪಾನಿನ ಕೈಬಾರ ಎಕಿಕೆನ್ 1713ರಲ್ಲಿ ಆರೋಗ್ಯದ ಬಗ್ಗೆ 'ಯೋಜೋಕುನ್' ಅನ್ನೋ ಪುಸ್ತಕ ಬರೆದ. ಆಗ ಆತನಿಗೆ ಎಂಬತ್ತು ದಾಟಿತ್ತು. ಎಂಥ ಅಪರೂಪದ ರುಚಿಯಾದ ಅಡುಗೆ ಮುಂದಿದ್ದರೂ ಹತ್ತರಲ್ಲಿ ಎಂಟೊಂಬತ್ತು ಪಾಲಿಗೆ ನಿಲ್ಲಿಸಿ ಅಂದ. ತಿನ್ನುವಾಗ ಇನ್ನೂ ಸ್ವಲ್ಪ ಬೇಕು ಅನ್ನಿಸುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಸಾಕಾಗುತ್ತೆ ಅನ್ನೋದು ಆತನ ವಾದ. ದೀರ್ಘಾಯುಷಿಗಳ ದ್ವೀಪ ಅಂತ ಹೆಸರಾದ ಓಕಿನಾವಾದಲ್ಲಿ ಊಟಕ್ಕೆ ಕೂರುವಾಗ ಹೇಳಿಕೊಳ್ಳುವ 'ಹರ ಹಚಿ ಬು' ಅನ್ನೋ ಮಾತಿನ ಅರ್ಥವೂ ಇದೇ, ಎಂಟಾಣೆ ಅಲ್ಲ, ಹತ್ತಕ್ಕೆ ಎಂಟು.

ನಮ್ಮ ಬಾಳೆಲೆ ಊಟದಲ್ಲೂ ಇಂಥ ಕುರ್ಚಿ ಇಳಿಯುವ ಗುರುತುಗಳಿವೆ, ನಾವು ಗಮನಿಸಿಲ್ಲ ಅಷ್ಟೇ. ಪಂಕ್ತಿಯಲ್ಲಿ ಮಜ್ಜಿಗೆ ಬಂತು ಅಂದರೆ ಊಟ ಮುಗೀತು, ಆಮೇಲೆ ಯಾರೂ ವಾಪಸ್ ಸಾರಿಗೆ ಹೋಗಲ್ಲ. ಸಂಪ್ರದಾಯಸ್ಥರ ಮನೆಗಳಲ್ಲಿ ಕೊನೆಗೆ ಅಂಗೈಯಲ್ಲಿ ನೀರು ಹಾಕಿಸಿಕೊಂಡು ಉತ್ತರಾಪೋಶನ ತಗೊಂಡರೆ ಮತ್ತೆ ಎಲೆಗೆ ಕೈ ಹಾಕುವ ಹಾಗಿಲ್ಲ. ಎಲೆ ಮಡಿಸಿದ ಮೇಲಂತೂ ದೇವರೇ ಬಂದು ಹೋಳಿಗೆ ಬಡಿಸಿದರೂ ಜಾಗ ಇಲ್ಲ. ನಮ್ಮ ಮಿಕ್ಸ್ಚರ್ ಪ್ಯಾಕೆಟ್ಟಿಗೆ ಮಜ್ಜಿಗೆಯೂ ಇಲ್ಲ, ಆಪೋಶನವೂ ಇಲ್ಲ, ಮಡಿಸೋದಕ್ಕೆ ಎಲೆಯೂ ಇಲ್ಲ.

ಹಾಗಂತ "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅಂತ ಎದೆ ತಟ್ಟಿಕೊಳ್ಳೋದು ಬೇಡ. "ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಅಂತ ಗಾದೆ ಕಟ್ಟಿದವರೇ ಬೀಗರಿಗೆ ಒತ್ತಾಯ ಮಾಡಿ ಮಾಡಿ ಹೋಳಿಗೆ ಬಡಿಸಿದರು. ಪಂಥ ಕಟ್ಟಿಕೊಂಡು ಲಾಡು ತಿಂದವರ ಕಥೆ ಯಾವ ಊರಲ್ಲಿಲ್ಲ? ಅವರಿಗಿದ್ದ ದೊಡ್ಡ ಅನುಕೂಲ ಅಂದರೆ ಅಂಥ ಊಟ ವರ್ಷಕ್ಕೆ ನಾಲ್ಕು ಸಲ ಬರುತ್ತಿತ್ತು. ನಮಗೆ ಅದು ಆ್ಯಪ್‌ನಲ್ಲಿ ಮೂವತ್ತು ನಿಮಿಷಕ್ಕೆ ಬರುತ್ತೆ.

ಶೂ ಲೇಸ್ ಕಟ್ಟಲಾಗದ ಮನುಷ್ಯ

ಮತ್ತೆ ಲಂಡನ್ನಿಗೆ ಹೋಗೋಣ. ಇಸವಿ 1862. ವಿಲಿಯಂ ಬ್ಯಾಂಟಿಂಗ್ ಅನ್ನುವವರ ಕುಟುಂಬದ್ದು ಶವಸಂಸ್ಕಾರದ ಏರ್ಪಾಟು ಮಾಡುವ ಕಸುಬು. ರಾಜಮನೆತನದ ಕೆಲಸವೂ ಅವರದೇ, 1852ರಲ್ಲಿ ವೆಲ್ಲಿಂಗ್ಟನ್ ಡ್ಯೂಕ್‌ನ ಅಂತಿಮಯಾತ್ರೆಯನ್ನೂ ಅವರೇ ನೋಡಿಕೊಂಡಿದ್ದರು. ಹೌದು, ನಮ್ಮ ಟಿಪ್ಪು ಸತ್ತ ಶ್ರೀರಂಗಪಟ್ಟಣದ ಯುದ್ಧದಲ್ಲಿ ಕರ್ನಲ್ ಆಗಿದ್ದನಲ್ಲ, ಅದೇ ವೆಲ್ಲಿಂಗ್ಟನ್.

ಬ್ಯಾಂಟಿಂಗ್‌ಗೆ ಆಗ ಅರವತ್ತೈದು ದಾಟಿತ್ತು. ಎತ್ತರ ಐದಡಿ ಐದಿಂಚು, ತೂಕ 202 ಪೌಂಡ್, ಅಂದರೆ ಹತ್ತಿರ ಹತ್ತಿರ 92 ಕೆಜಿ. ಬಗ್ಗಿ ಶೂ ಲೇಸ್ ಕಟ್ಟೋಕಾಗುತ್ತಿರಲಿಲ್ಲ. ಮಂಡಿ ನೋವಿಗೆ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದರು. ಬಸ್ಸಿನಲ್ಲಿ, ಸಭೆಯಲ್ಲಿ ಜನ ಆಡಿಕೊಳ್ಳೋದು ಬೇರೆ. ಡಾಕ್ಟರೊಬ್ಬರು ವ್ಯಾಯಾಮ ಮಾಡಿ ಅಂದರು. ಬೆಳಗಾಗೆದ್ದು ಥೇಮ್ಸ್ ನದಿಯಲ್ಲಿ ಎರಡು ಗಂಟೆ ದೋಣಿ ಹುಟ್ಟು ಹಾಕಿದರು. ತೋಳಿಗೆ ಬಲ ಬಂತು, ಜೊತೆಗೆ ಭಯಂಕರ ಹಸಿವೂ ಬಂತು, ತಿಂದರು, ತೂಕ ಏರಿತು! ಜಿಮ್ಮಿಗೆ ಹೋಗಿ ಬಂದು, ಬೆವರು ಹರಿಸಿದ್ದೀನಿ ಅಂತ ಮಸಾಲೆ ದೋಸೆ ತಿನ್ನುವ ನಮಗೆ ಈ ಸಂಕಟ ಅರ್ಥ ಆಗುತ್ತೆ.

ಕೊನೆಗೆ ಕಿವಿ ಕೇಳಿಸೋದು ಕಮ್ಮಿ ಆಯಿತು ಅಂತ ವಿಲಿಯಂ ಹಾರ್ವೆ ಅನ್ನೋ ಕಿವಿ ವೈದ್ಯರ ಹತ್ತಿರ ಹೋದರು. (ರಕ್ತ ಪರಿಚಲನೆ ಕಂಡುಹಿಡಿದ ಹಾರ್ವೆ ಅಲ್ಲ, ಆತ ಇನ್ನೂರು ವರ್ಷ ಹಿಂದಿನವನು.) ಈ ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ ಯಕೃತ್ತು ಮತ್ತು ಸಕ್ಕರೆ ಕಾಯಿಲೆ ಬಗ್ಗೆ ಮಾಡಿದ ಉಪನ್ಯಾಸ ಕೇಳಿ ಬಂದವರು. ಬ್ಯಾಂಟಿಂಗ್‌ರನ್ನು ನೋಡಿ, ನಿಮ್ಮ ತೊಂದರೆ ಕಿವಿಯದಲ್ಲ, ಕೊಬ್ಬಿನದು ಅಂದರು. ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿಸಿದರು. ಮಾಂಸ, ಮೀನು, ತರಕಾರಿ, ಸ್ವಲ್ಪ ಹಣ್ಣು, ಹೊತ್ತುಹೊತ್ತಿಗೆ ಇಂತಿಷ್ಟೇ ಔನ್ಸ್ ಅಂತ ಚೀಟಿ ಬರೆದು ಕೊಟ್ಟರು. ವೈನ್ ಮಾತ್ರ ಧಾರಾಳ ಇತ್ತು, ಅದನ್ನ ಹಿಡ್ಕೊಂಡು ಕುಣೀಬೇಡಿ.

ಒಂದು ವರ್ಷದಲ್ಲಿ 46 ಪೌಂಡ್ ಇಳಿಯಿತು, ಸುಮಾರು 21 ಕೆಜಿ. ಸೊಂಟ ಹನ್ನೆರಡು ಇಂಚು ಕಮ್ಮಿ ಆಯಿತು. ಮೆಟ್ಟಿಲು ನೆಟ್ಟಗೆ ಇಳಿದರು. 1863ರಲ್ಲಿ ತಮ್ಮ ಅನುಭವವನ್ನು ಸಾರ್ವಜನಿಕರಿಗೆ ಬರೆದ ಪತ್ರ ಅಂತ ಪುಸ್ತಿಕೆ ಅಚ್ಚು ಹಾಕಿಸಿ ಮೊದಲು ಪುಕ್ಕಟೆ ಹಂಚಿದರು. ವೈದ್ಯರು ಹಂಗಿಸಿದರು, ಜನ ಮುಗಿಬಿದ್ದರು. ಅವರ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದ ಆಗಿಹೋಯಿತು. ಸ್ವೀಡನ್ನಿನಲ್ಲಿ ಇವತ್ತಿಗೂ ಡಯಟ್ ಮಾಡೋದಕ್ಕೆ 'ಬಾಂಟಾ' ಅಂತಲೇ ಅಂತಾರೆ. ಬ್ಯಾಂಟಿಂಗ್ 81 ವರ್ಷ ಬದುಕಿದರು.

ಬ್ಯಾಂಟಿಂಗ್ ಕಥೆಯಲ್ಲಿ ನನ್ನನ್ನು ತಟ್ಟಿದ್ದು ಕಾರ್ಬ್ ಬಿಟ್ಟಿದ್ದಲ್ಲ. ವರ್ಷಗಟ್ಟಲೆ ಆತ ಬೇರೆ ಬೇರೆ ಡಾಕ್ಟರರ ಮುಂದೆ ನಿಂತಿದ್ದರು. ಎಲ್ಲರೂ "ಕಮ್ಮಿ ತಿನ್ನಿ, ಓಡಾಡಿ" ಅಂದಿದ್ದರು. ಬೆಳಗ್ಗೆ ಇದು, ಮಧ್ಯಾಹ್ನ ಇದು, ಇಷ್ಟು, ಅಂತ ಹೇಳಿದವರು ಒಬ್ಬರೇ. ಮನುಷ್ಯನಿಗೆ ಉಪದೇಶದಿಂದ ಆಗದ ಕೆಲಸ ಒಂದು ಚೀಟಿಯಿಂದ ಆಯಿತು.

ಅಗಿದು ಅಗಿದು

ಇಷ್ಟೆಲ್ಲ ಅಳತೆಯಾದ ಮೇಲೆ ವೇಗದ ಸರದಿ. ಅಮೆರಿಕದ ಹೊರೇಸ್ ಫ್ಲೆಚರ್ ಹಣವಂತ ವ್ಯಾಪಾರಿ. ತೂಕ ಜಾಸ್ತಿ ಅಂತ ಜೀವವಿಮೆ ಕೊಡೋದಿಲ್ಲ ಅಂದುಬಿಟ್ಟರು. ನಮಗೆ ಶುಗರ್ ರಿಪೋರ್ಟ್ ಹೇಗೋ ಆತನಿಗೆ ಅದು ಹಾಗೆ. 1898ರ ಹೊತ್ತಿಗೆ ಒಂದು ಉಪಾಯ ಕಂಡುಕೊಂಡ: ನಿಜವಾಗಿ ಹಸಿವಾದಾಗ ಮಾತ್ರ ತಿನ್ನು, ಬಾಯಲ್ಲಿರೋದು ನೀರಾಗುವವರೆಗೆ ಅಗಿ, ಅದು ತಾನಾಗಿ ಗಂಟಲಿಗೆ ಇಳಿಯಲಿ. ಸುಮಾರು 40 ಪೌಂಡ್ ಇಳಿಯಿತು. ಆತ ಭಾಷಣ ಮಾಡಿದ, ಪುಸ್ತಕ ಬರೆದ, ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡನ್ ಆತನನ್ನು ಪರೀಕ್ಷೆ ಮಾಡಿದರು. ಕಾದಂಬರಿಕಾರ ಹೆನ್ರಿ ಜೇಮ್ಸ್ ಕೂಡ ಭಕ್ತನಾದ, ಮುಂದೆ ಕೆಲವು ವರ್ಷಕ್ಕೆ ಹೊಟ್ಟೆ ಕೆಟ್ಟು ಬಿಟ್ಟ.

ಬಿಡದೆ ಏನು ಮಾಡ್ತಾನೆ? ನಿಧಾನವಾಗಿ ತಿನ್ನು ಅನ್ನೋ ಒಳ್ಳೆಯ ಮಾತನ್ನು ಫ್ಲೆಚರ್ ಧರ್ಮ ಮಾಡಿಬಿಟ್ಟಿದ್ದ. ಹಾಲನ್ನೂ ಅಗಿಯಬೇಕು! ಒಂದು ಸಣ್ಣ ತುಂಡು ಎಳೆ ಈರುಳ್ಳಿಗೆ 722 ಸಲ ಅಗಿಯಬೇಕಾಯಿತು ಅಂತ ಲೆಕ್ಕ ಕೊಟ್ಟ. ನೀರಾಗದ ನಾರನ್ನೆಲ್ಲ ಉಗಿದುಬಿಡಿ ಅಂದ. ಹೊಟ್ಟೆಗೆ ಬೇಕಾದ ನಾರೇ ಹೋಯಿತು. ಆತ 1919ರಲ್ಲಿ ತೀರಿಕೊಂಡ, ಆತನ ಪಂಥವೂ ಸೊರಗಿತು.

ಆದರೆ ಮೂಲದ ಮಾತು ಸುಳ್ಳಲ್ಲ. ಹೊಟ್ಟೆ, ಕರುಳಿನಿಂದ "ಸಾಕು" ಅನ್ನೋ ಸುದ್ದಿ ಮೆದುಳಿಗೆ ಪೂರ್ತಿ ತಲುಪೋಕೆ ಹದಿನೈದಿಪ್ಪತ್ತು ನಿಮಿಷ ಹಿಡಿಯುತ್ತೆ. ಎರಡು ಮೀಟಿಂಗ್ ನಡುವೆ ಏಳು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡಿದರೆ ಸುದ್ದಿ ಬರುವ ಹೊತ್ತಿಗೆ ನಾವು ಕೈ ತೊಳೆದಾಗಿರುತ್ತೆ. ಎಕಿಕೆನ್ 1713ರಲ್ಲಿ ಹೇಳಿದ್ದೂ ಇದನ್ನೇ ಅಲ್ವಾ?

ಕ್ಯಾಲೊರಿ ಬಂತು, ಗೆಳತಿಯರು ಬಂದರು

ಆಮೇಲೆ ಸಂಖ್ಯೆಯ ಕಾಲ. 1890ರ ದಶಕದಲ್ಲಿ ವಿಲ್ಬರ್ ಆಟ್‌ವಾಟರ್ ಅಮೆರಿಕದಲ್ಲಿ ಮನುಷ್ಯರನ್ನು ದಿನಗಟ್ಟಲೆ ಒಂದು ಕೋಣೆಯೊಳಗೆ ಕೂರಿಸಿ, ದೇಹ ಎಷ್ಟು ಶಾಖ ಕೊಡುತ್ತೆ ಅಂತ ಅಳೆದರು. ಪ್ರಯೋಗಾಲಯದ ಕ್ಯಾಲೊರಿಯನ್ನು ಅಡುಗೆಮನೆಗೆ ತಂದವರು ಡಾಕ್ಟರ್ ಲುಲು ಹಂಟ್ ಪೀಟರ್ಸ್. ಅವರೇ ಸುಮಾರು 70 ಪೌಂಡ್ ಇಳಿಸಿಕೊಂಡವರು. 1918ರಲ್ಲಿ ಬಂದ ಅವರ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಒಂದು ತುಂಡು ಬ್ರೆಡ್ ಅನ್ನಬೇಡಿ, ನೂರು ಕ್ಯಾಲೊರಿ ಬ್ರೆಡ್ ಅನ್ನಿ ಅಂತ ಕಲಿಸಿದರು. ಅಳತೆಗೆ ಹೊಸ ತಕ್ಕಡಿ ಸಿಕ್ಕಿತು. ತಿಂದಿದ್ದಕ್ಕೆಲ್ಲ ಪಾಪದ ಲೆಕ್ಕ ಬರೆಯುವ ಅಭ್ಯಾಸವೂ ಅಲ್ಲಿಂದಲೇ ಬಲವಾಯಿತು. ಆ ಲೆಕ್ಕ ಕೆಲವರಿಗೆ ಉಸಿರು ಕಟ್ಟಿಸುವ ಕಾಯಿಲೆಯೇ ಆಗಿಬಿಡುತ್ತೆ. ನಿಮಗೆ ಹಾಗಾಗ್ತಿದ್ದರೆ ದಯವಿಟ್ಟು ಆ್ಯಪ್ ಮುಚ್ಚಿ, ಡಾಕ್ಟರ ಹತ್ತಿರ ಮಾತಾಡಿ.

1960ರ ದಶಕದ ಆರಂಭ. ನ್ಯೂಯಾರ್ಕಿನ ಗೃಹಿಣಿ ಜೀನ್ ನಿಡೆಚ್ ತೂಕ ಇಳಿಸುವ ಸರ್ಕಾರಿ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಹೇಳಿದ ಡಯಟ್ ಎಲ್ಲಾ ಸರಿ, ಆದರೆ ಬಿಸ್ಕೆಟ್ ಬಿಡೋಕಾಗಲಿಲ್ಲ. ಬಚ್ಚಲಿನ ಬಟ್ಟೆ ಬುಟ್ಟಿಯಲ್ಲಿ ಬಚ್ಚಿಟ್ಟು ರಾತ್ರಿ ತಿನ್ನುತ್ತಿದ್ದರು. ಡಾಕ್ಟರಿಗೆ ಹೇಳೋಕೆ ನಾಚಿಕೆ. ಒಂದಿನ ಐದಾರು ಗೆಳತಿಯರನ್ನು ಮನೆಗೆ ಕರೆದು ಹೇಳಿಕೊಂಡರು. ನೋಡಿದರೆ ಅವರ ಮನೆಗಳಲ್ಲೂ ಒಂದೊಂದು ಬುಟ್ಟಿ! ಆ ಮಾತುಕತೆಯೇ ಬೆಳೆದು 1963ರಲ್ಲಿ ವೇಟ್ ವಾಚರ್ಸ್ ಆಯಿತು. ಕೊರ್ನಾರೊ ವೈದ್ಯರಿಂದ ಮುಚ್ಚಿಟ್ಟಿದ್ದನ್ನು ನಾನೂರು ವರ್ಷ ಆದಮೇಲೆ ಒಬ್ಬ ಹೆಣ್ಣುಮಗಳು ಗೆಳತಿಯರ ಮುಂದೆ ಬಾಯಿಬಿಟ್ಟು ಹೇಳಿದಳು.

ಸಣ್ಣ ತಟ್ಟೆಯ ಕಥೆ

ಈಗಿನ ಕಾಲಕ್ಕೆ ಬಂದರೆ, ಸಣ್ಣ ತಟ್ಟೆಯಲ್ಲಿ ತಿನ್ನಿ ಅನ್ನೋ ಸಲಹೆ ನೀವೂ ಕೇಳಿರ್ತೀರಿ. ಅದನ್ನ ಲೋಕಕ್ಕೆಲ್ಲ ಹರಡಿದವರಲ್ಲಿ ಮುಖ್ಯರು ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವ್ಯಾನ್ಸಿಂಕ್. 2018ರಲ್ಲಿ ಒಂದು ವೈದ್ಯಕೀಯ ಪತ್ರಿಕಾ ಸಮೂಹ ಅವರ ಆರು ಲೇಖನಗಳನ್ನು ಒಂದೇ ಸಲ ವಾಪಸ್ ಪಡೆಯಿತು. ಸಂಶೋಧನೆಯ ನಿಯಮಕ್ಕೆ ವಿರುದ್ಧವಾಗಿ ನಡೆದುಕೊಂಡಿದ್ದಾರೆ ಅಂತ ವಿಶ್ವವಿದ್ಯಾಲಯವೇ ತೀರ್ಮಾನಿಸಿತು, ಅವರು ರಾಜೀನಾಮೆ ಕೊಟ್ಟರು. ಹಾಗಾದರೆ ಸಣ್ಣ ತಟ್ಟೆ ಸುಳ್ಳಾ? ಬಡಿಸಿಕೊಳ್ಳೋದೇ ಕಮ್ಮಿ ಆದರೆ ತಿನ್ನೋದೂ ಕಮ್ಮಿ ಆಗುತ್ತೆ, ಅದರಲ್ಲಿ ಮಾಯೆ ಏನಿಲ್ಲ. ಸಣ್ಣ ತಟ್ಟೆಗೆ ಮೂರು ಸಲ ಬಡಿಸಿಕೊಂಡರೆ ತಟ್ಟೆ ಏನು ಮಾಡುತ್ತೆ ಪಾಪ?

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ಒಂದು ಅಚ್ಚುಕಟ್ಟಾದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಇಪ್ಪತ್ತು ಜನರನ್ನು ಅಲ್ಲೇ ಉಳಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ. ಎಷ್ಟು ಬೇಕಾದರೂ ತಿನ್ನಿ ಅಂದರು. ಪ್ಯಾಕೆಟ್ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಹತ್ತಿರ ಹತ್ತಿರ ಒಂದು ಕೆಜಿ ಏರಿದರು. ಸಾದಾ ಆಹಾರದ ವಾರಗಳಲ್ಲಿ ಅಷ್ಟೇ ಇಳಿದರು. ಅದೇ ಜನ, ಅದೇ ಮನೋಬಲ. ಬದಲಾಗಿದ್ದು ಮೇಜಿನ ಮೇಲೆ ಬಂದಿದ್ದು.

ಅಂದರೆ ಅವತ್ತು ರಾತ್ರಿ ಮಿಕ್ಸ್ಚರ್ ಪ್ಯಾಕೆಟ್ಟಿನ ತಳ ಮುಟ್ಟಿದ ನಾನು ದುರ್ಬಲ ಮನಸ್ಸಿನ ಪಾಪಿ ಏನಲ್ಲ. ಹಾಗೆ ಅಂದುಕೊಂಡು ನಾಚಿಕೆಪಟ್ಟಾಗಲೆಲ್ಲ ನಾನು ಇನ್ನೊಂದು ಪ್ಯಾಕೆಟ್ ಒಡೆದಿದ್ದೀನಿ. ಕೊರ್ನಾರೊ, ಬ್ಯಾಂಟಿಂಗ್, ಪಂಕ್ತಿಯಲ್ಲಿ ಮಜ್ಜಿಗೆ ತರುವ ಅಡುಗೆ ಭಟ್ಟರು, ಎಲ್ಲರೂ ಮಾಡಿದ್ದು ಒಂದೇ ಕೆಲಸ. ಊಟದ ಕೊನೆಯನ್ನು ಊಟದ ಮಧ್ಯೆ ಹುಡುಕಲಿಲ್ಲ, ಮುಂಚೆಯೇ ಇಟ್ಟುಕೊಂಡರು. ಹಸಿದ ಮನುಷ್ಯನ ಕೈಯಲ್ಲಿ ತೀರ್ಪು ಬಿಡಲಿಲ್ಲ.

ನನ್ನ ಕುರ್ಚಿ

ಈಗ ಮೂರು ತಿಂಗಳಿಂದ ನಾನು ಮಾಡ್ತಿರೋದು ಇಷ್ಟು. ಬೇಕಾದಷ್ಟನ್ನೂ ಒಂದೇ ಸಲ ತಟ್ಟೆಗೆ ಬಡಿಸಿಕೊಂಡು ಬಂದು ಕೂರ್ತೀನಿ, ಪಾತ್ರೆಗಳು ಅಡುಗೆಮನೆಯಲ್ಲೇ ಇರ್ತವೆ. ಮೊದಲು ಪಲ್ಯ, ಕೋಸಂಬರಿ, ಆಮೇಲೆ ಅನ್ನ. ಕೊನೆಗೆ ಒಂದು ಲೋಟ ಮಜ್ಜಿಗೆ, ಅದು ಕುಡಿದರೆ ಊಟ ಮುಗೀತು. ಊಟದ ಹೊತ್ತಿಗೆ ಫೋನು, ಲ್ಯಾಪ್‌ಟಾಪ್ ಇಲ್ಲ, ಇಪ್ಪತ್ತು ನಿಮಿಷಕ್ಕೆ ಮುಂಚೆ ಏಳೋದಿಲ್ಲ. ಪ್ಯಾಕೆಟ್ ತಿಂಡಿ ತಿನ್ನಲೇಬೇಕು ಅನ್ನಿಸಿದರೆ ಸಣ್ಣ ಬಟ್ಟಲಿಗೆ ಹಾಕಿಕೊಂಡು, ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಮೇಲಿನ ಶೆಲ್ಫಿನಲ್ಲಿಟ್ಟು ಬಂದು ಕೂರೋದು. ತೂಕ ವಾರಕ್ಕೊಂದೇ ಸಲ, ಭಾನುವಾರ ಬೆಳಗ್ಗೆ. ಅಡಿಸನ್ ನಗಬಾರದಲ್ಲ.

ಅಮ್ಮನ ಹತ್ತಿರ ಕೂತು ರಿಪೋರ್ಟ್ ತೋರಿಸಿದೆ. ಇದೇ ಕಷ್ಟದ ಕೆಲಸ ಆಗಿತ್ತು. ಸಂಖ್ಯೆಗಳನ್ನ ನೋಡಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ನಿಮ್ಮಪ್ಪನಿಗೂ ನಾನೇ ಬಡಿಸಿದ್ದು ಕಣೋ" ಅಂದಳು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಪ್ರೀತಿಯಿಂದ ಬಡಿಸಿದ್ದೆ ಅಲ್ವಾ ಅಮ್ಮ" ಅಂದೆ. ಅವತ್ತಿನಿಂದ ಮೂರನೇ ದೋಸೆಗೆ ಒತ್ತಾಯ ಮಾಡೋದಿಲ್ಲ. ನಾನು ಎರಡನೆಯದನ್ನು ಮುಗಿಸಿದ ತಕ್ಷಣ ಒಂದು ಲೋಟ ಮಜ್ಜಿಗೆ ತಂದಿಟ್ಟು ಹೋಗ್ತಾಳೆ.

ಸೊಂಟ ಈಗ 92. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ ಇದೆ. ಅಪ್ಪ ಪಡಸಾಲೆಯಲ್ಲಿ ಕೂತು ಪೇಪರ್ ಓದ್ತಾ ಇರ್ತಾರೆ, ಎಡಗಾಲಿಗೆ ಸಾಕ್ಸ್ ಹಾಕಿಕೊಂಡು. ಮೊನ್ನೆ ಭಾನುವಾರ ಅವರೇ ಕೇಳಿದರು, "ಎಷ್ಟಾಯ್ತೋ ತೂಕ?" ಅಂತ.